ಕಡಲ ದನಿಗೆ ಓಗೊಟ್ಟ ಎಮ್ಮೆ

ನಾನು ಇಂಥ ಸಂಗತಿಗಳನ್ನು ನಂಬಿದವನಲ್ಲ. ಬೈಲಹೊಂಗಲದ ಪ್ರೌಢಶಾಲೆಯೊಂದರಲ್ಲಿ ಬಹಳ ವರ್ಷ ವ್ಯಾಕರಣ ಕಲಿಸಿದವನು. ಪೂರ್ಣವಿರಾಮವಿಲ್ಲದ ಅರ್ಜಿಯನ್ನು ಇಂದಿಗೂ ಓದದೆ ಹಿಂದಿರುಗಿಸುತ್ತೇನೆ. ಯಾರಾದರೂ ದೆವ್ವ ಕಂಡೆನೆಂದರೆ, ಬೆಳಕು ಎಷ್ಟಿತ್ತು, ಜೊತೆಗೆ ಯಾರಿದ್ದರು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅವೇ ಪ್ರಶ್ನೆಗಳನ್ನು ನೀವು ನನಗೆ ಕೇಳಬಹುದು. ಉತ್ತರಗಳೆಲ್ಲ ನನ್ನಲ್ಲಿವೆ. ಇದ್ದೂ ಉಪಯೋಗವಿಲ್ಲ, ಅದೇ ನನ್ನ ತಕರಾರು.

ಎರಡು ವರ್ಷಗಳ ಹಿಂದೆ ಸಂಗೊಳ್ಳಿಯ ನಮ್ಮ ಮನೆಯಲ್ಲಿ ಎಮ್ಮೆ ಈದು, ಕರು ಕೆಲವೇ ದಿನಗಳಲ್ಲಿ ಸತ್ತಿತು. ಆ ಕರುವಿನದು ಒಡಕು ದನಿ; ಕೂಗಿದರೆ ನಡುವೆ ಸೀಳಿದಂತೆ ಕೇಳುತ್ತಿತ್ತು. ಅದು ಹೋದ ಮೇಲೆ ಎಮ್ಮೆ ಮೇವು ಮುಟ್ಟಲಿಲ್ಲ, ಹಾಲು ಇಳಿಸಲಿಲ್ಲ. ನಮ್ಮ ಕಡೆಯ ರೂಢಿಯಂತೆ ನನ್ನ ಹೆಂಡತಿ ಶಾಂತವ್ವ ಕರುವಿನ ತೊಗಲಿಗೆ ಹುಲ್ಲು ತುಂಬಿ ಹೊಲಿಸಿ ಎಮ್ಮೆಯ ಮುಂದೆ ನಿಲ್ಲಿಸಿದಳು. ಎಮ್ಮೆ ಒಮ್ಮೆ ಮೂಸಿ ಮುಖ ತಿರುಗಿಸಿತು. ಕೆಚ್ಚಲು ಕಲ್ಲಾಯಿತು. ದನದ ಡಾಕ್ಟರು ಕೈಚೆಲ್ಲಿದರು. ಬೆಳಗಾದರೆ ದಲಾಲಿ ಬಂದು ಅದನ್ನು ಒಯ್ಯುವವನಿದ್ದ. ಎಲ್ಲಿಗೆಂದು ಶಾಂತವ್ವನಿಗೂ ಗೊತ್ತಿತ್ತು. ಅವಳು ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಆ ಸಂಜೆ ಮನೆಯಲ್ಲಿ ನನ್ನ ಅಣ್ಣನ ಮಗಳು ಸುಮಾ ಇದ್ದಳು. ಕರು ಸತ್ತ ಮೇಲೆ ರಜೆಗೆ ಬಂದವಳು. ಕಾರವಾರದ ಕಡೆ, ತಿಮಿಂಗಿಲಗಳ ಕೂಗನ್ನು ಕೃತಕ ಬುದ್ಧಿಮತ್ತೆಯಿಂದ ಅರಿಯಲು ಹೊರಟ ತಂಡದಲ್ಲಿ ಅವಳಿಗೆ ಕೆಲಸ. ಪಡಸಾಲೆಯಲ್ಲಿ ಲ್ಯಾಪ್‌ಟಾಪು, ಮೈಕು, ಸ್ಪೀಕರು ಹರಡಿಕೊಂಡು ಕುಳಿತಿದ್ದಳು. ನಮ್ಮದು ಹಳೆಯ ಮನೆ. ಪಡಸಾಲೆಯಿಂದ ಮೆಟ್ಟಿಲಿಳಿದರೆ ದನ ಕಟ್ಟುವ ಜಾಗ.

"ಇದಕ್ಕ ತಿಮಿಂಗಿಲದ ಮಾತು ತಿಳೀತೈತೇನು?" ಎಂದೆ.

"ಇಲ್ಲ ಕಾಕಾ. ಯಾವ ದನಿ ಆದಮ್ಯಾಲೆ ಯಾವ ದನಿ ಬರತೈತಿ ಅನ್ನೂದಷ್ಟ ಕಲ್ತೈತಿ. ತಾಯಿ ಕೂಗಿದ್ರ ಮರಿ ಹೆಂಗ ಓಗೊಡತೈತೋ ಹಂಗ ತಾನ ಹೊಸಾ ದನಿ ಮಾಡತೈತಿ."

"ಅರ್ಥ ಗೊತ್ತಿಲ್ಲದ ಉತ್ತರಾ ಕೊಡತೈತಿ? ನನ್ನ ಕ್ಲಾಸಿನ್ಯಾಗ ಅಂಥಾವ್ರು ಭಾಳ ಮಂದಿ ಇದ್ರು. ಎಲ್ಲಾರನೂ ನಾಪಾಸ್ ಮಾಡೇನಿ."

ಸುಮಾ ನಕ್ಕಳು. "ಇದನ್ನ ಸಮುದ್ರದಾಗ ಹಚ್ಚೂದು ಬ್ಯಾಡಂತ ನಮ್ಮ ನಮ್ಮಾಗ ಜಗಳಾ ನಡದೈತಿ. ಇಲ್ಲದ ಮರಿನ್ನ ಹುಡುಕ್ಕೊಂತ ತಾಯಿ ಬಂದ್ರ?"

"ನಾವು ತೊಗಲ ಇಟ್ಟೇವಿ, ನೀವು ದನಿ ಇಡಾಕ ಹತ್ತೀರಿ. ಮೋಸ ಒಂದ ಬಿಡವಾ," ಎಂದಳು ಶಾಂತವ್ವ, ಎಮ್ಮೆಯ ಬಳಿಯಿಂದಲೇ.

ನನಗೆ ತೋರಿಸಲೆಂದು ಸುಮಾ ಯಂತ್ರವನ್ನು ಚಾಲೂ ಮಾಡಿದಳು. ನೀರಿನಾಳದಿಂದ ಎದ್ದಂಥ ಉದ್ದನೆಯ ನರಳಿಕೆ ಹೊರಬಂತು. ದಿನಗಟ್ಟಲೆ ಸುಮ್ಮನಿದ್ದ ಎಮ್ಮೆ ಕಿವಿ ನಿಮಿರಿಸಿ ಕೂಗಿತು. ಯಂತ್ರ ಆ ಕೂಗನ್ನು ತಾಯಿಯದೆಂದೇ ಎಣಿಸಿ ಮರಿಯ ಉತ್ತರ ಕೊಟ್ಟಿತು. ಎಮ್ಮೆ ಮತ್ತೆ ಕೂಗಿತು. ನನ್ನ ತಲೆ ಕೆಟ್ಟಿತು. "ಬಂದ್ ಮಾಡು ಅದನ್ನ!" ಎಂದು ಗದರಿದೆ.

"ಮಾಡಬ್ಯಾಡ! ನೀವು ಸುಮ್ಮನ ಕುಂದರ್ರಿ!" ಎಂದು ಶಾಂತವ್ವ ಚೀರಿದಳು.

ಮುಂದಿನ ಉತ್ತರ ತಿಮಿಂಗಿಲದ್ದಾಗಿರಲಿಲ್ಲ. ಅದು ನಮ್ಮ ಕರುವಿನ ದನಿ. ಅದರಂಥ ದನಿ ಎನ್ನುತ್ತಿಲ್ಲ; ಅದೇ, ನಡುವೆ ಸೀಳಿದ ದನಿ. ಶಾಂತವ್ವ ತಟ್ಟನೆ ನನ್ನ ಮುಖ ನೋಡಿದಳು. ಎಮ್ಮೆಯ ಕೆಚ್ಚಲಿನಿಂದ ಹಾಲು ತಾನಾಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಚರಿಗೆ ಹಿಡಿದು ಕುಳಿತಳು.

"ಕರದ ದನಿ ಎಲ್ಲಿಂದ ತಂದಿ?" ಎಂದು ಕೇಳಿದೆ.

"ಯಾವ ಕರಾ, ಕಾಕಾ? ಅದೂ ತಿಮಿಂಗಿಲದ್ದ," ಎಂದಳು ಸುಮಾ. ಅವಳು ಆ ಕರುವಿನ ಕೂಗನ್ನು ಎಂದೂ ಕೇಳಿರಲಿಲ್ಲ. ಅದನ್ನು ನಾವು ಯಾರೂ ಫೋನಿನಲ್ಲಿ ಹಿಡಿದಿಟ್ಟಿರಲಿಲ್ಲ.

ಯಂತ್ರದಲ್ಲಿ ಉಳಿದ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಹಾಕಿಸಿದೆ. ಮೊದಲಿನಿಂದ ಕೊನೆಯವರೆಗೆ ಎಮ್ಮೆ ಮತ್ತು ತಿಮಿಂಗಿಲ, ಬೇರೇನೂ ಇಲ್ಲ. ದುಃಖದಲ್ಲಿದ್ದವರಿಗೆ ಹಾಗೆ ಕೇಳಿಸುತ್ತದೆಂದು ಸುಮಾ ಸಮಾಧಾನ ಹೇಳಿದಳು. ನಾನು ದುಃಖದಲ್ಲಿರಲಿಲ್ಲ, ಸಿಟ್ಟಿನಲ್ಲಿದ್ದೆ! ನನಗೂ ಶಾಂತವ್ವನಿಗೂ ಒಂದೇ ಕ್ಷಣದಲ್ಲಿ ಒಂದೇ ಭ್ರಮೆಯಾಯಿತೇ? ಆಗಿರಲಿ. ಮೊದಲಿನ ಕೂಗುಗಳಿಗೆ ಇಳಿಯದ ಹಾಲು ಸರಿಯಾಗಿ ಆ ಕೂಗಿಗೇ ಏಕೆ ಇಳಿಯಿತು? ನನಗೆ ಉತ್ತರ ಹೊಳೆದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮರುದಿನ ದಲಾಲಿ ಬರಿಗೈಯಲ್ಲಿ ಹೋದ. "ಎಮ್ಮಿ ಉಳೀತಲ್ರಿ. ನಿಮಗ ಇನ್ನೇನ ಬೇಕಾಗೈತಿ?" ಎನ್ನುತ್ತಾಳೆ ಶಾಂತವ್ವ. ಏನು ಬೇಕೆಂದು ಅವಳಿಗೆ ತಿಳಿಹೇಳಿ ನನಗೆ ಸಾಕಾಗಿದೆ.

ಎಮ್ಮೆಗೆ ಈಗ ಇನ್ನೊಂದು ಕರುವಿದೆ, ಗಂಟಲು ಗಟ್ಟಿಯಾದದ್ದು. ಆದರೂ ಸಂಜೆಯಾದರೆ ಎಮ್ಮೆ ಅದನ್ನು ಬಿಟ್ಟು ಪಡಸಾಲೆಯ ಕಡೆ ತಿರುಗಿ ಒಮ್ಮೆ ಕೂಗುತ್ತದೆ. ಆಮೇಲೆ ಯಾರೋ ಉತ್ತರಿಸಲು ಬೇಕಾಗುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಕೂಗುತ್ತದೆ. ಆ ಹೊತ್ತಿಗೆ ನಾನು ಯಾರನ್ನಾದರೂ ಬೈಯುತ್ತಿದ್ದರೆ ನಿಲ್ಲಿಸಿಬಿಡುತ್ತೇನೆ. ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲ. ಯಾರ ಮಾತು ಎಂದು ಮಾತ್ರ ದಯವಿಟ್ಟು ಕೇಳಬೇಡಿ.