ಸಾಸಿವೆ ವಾಸನೆಯ ಎಲೆ

ದುಬೈನ ಅಂಚಿನ ಜೌಗು ಉದ್ಯಾನ. ನೀರಿನ ಪಕ್ಕದ ಪೊದೆಯೊಂದಕ್ಕೆ ಮೊಬೈಲ್ ಹಿಡಿದ ನಮ್ಮ ಗೈಡ್, ಅದರ ಪುಟ್ಟ ಕೆಂಪು ಹಣ್ಣುಗಳನ್ನು ತೋರಿಸಿ, "ಇದು ವೈಲ್ಡ್ ಕರಂಟ್" ಎಂದ. ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಕರಂಟ್ ಹಣ್ಣು ಚಳಿ ದೇಶದ್ದು, ಈ ಉಪ್ಪುನೆಲಕ್ಕೆ ಹೇಗೆ ಬಂತು ಎಂದು ಕೇಳಿದೆ. "ಆ್ಯಪ್ ಹಾಗೇ ಹೇಳ್ತಿದೆ, ಮೇಡಂ" ಎಂದ. ಅಲ್ಲಿಗೆ ಮುಗಿಯಿತು.

ನಾನು ಕನ್ನಡದಲ್ಲಿ ಗೊಣಗಿದ್ದು ಪೈಪು ಹಿಡಿದು ನೀರು ಬಿಡುತ್ತಿದ್ದ ಮಾಲಿಗೆ ಕೇಳಿಸಿತು. "ಒಂದು ಎಲೆ ತಿಕ್ಕಿ ಮೂಸಿ ನೋಡಿ" ಎಂದರು ಮೆಲ್ಲಗೆ. ಸಾಸಿವೆಯ ಘಾಟು ಮೂಗಿಗೆ ಹೊಡೆಯಿತು. ಅವರು ಜೇಬಿನಿಂದ ತಾವು ಹಲ್ಲುಜ್ಜುವ ಕಡ್ಡಿ ತೆಗೆದು ತೋರಿಸಿದರು. "ಮಿಸ್ವಾಕ್ ಗಿಡ ಇದು. ನಮ್ಮ ಉಳ್ಳಾಲದಲ್ಲಿ ಮಸೀದಿ ಹತ್ರ ಮಾರ್ತಾರಲ್ಲ, ಅದೇ ಕಡ್ಡಿ."

"ಖಲಾಸ್. ವಿಸಿಟರ್ಸ್ ಜೊತೆ ಮಾತು ಬೇಡ, ನೀರು ಹಾಕು" ಎಂದು ಇದನ್ನೆಲ್ಲ ನೋಡುತ್ತಿದ್ದ ಗೈಡ್ ಹಿಂದಿಯಲ್ಲಿ ಗದರಿದ. ತಂದೆಯ ವಯಸ್ಸಿನವರಿಗೆ ಏಕವಚನ. ಹಿಂದೆಯೇ ಬಂದ ಇನ್ನೊಂದು ಗುಂಪಿಗೆ ಎಲೆ ತಿಕ್ಕಿ ಮೂಸಲು ಹೇಳಿ, ಮಿಸ್ವಾಕ್ ಎಂದು ತನ್ನದೇ ವಿದ್ಯೆಯಂತೆ ವಿವರಿಸಿದ. ನನಗೆ ಮೈಯೆಲ್ಲ ಉರಿಯಿತು.

ಹೊರಡುವಾಗ ಅಭಿಪ್ರಾಯ ಬರೆಯಲು ಫಾರಂ ಕೊಟ್ಟರು. "ನಿಮಗೆ ನೆರವಾದ ಸಿಬ್ಬಂದಿಯ ಹೆಸರು" ಎಂಬ ಸಾಲು ಕಂಡದ್ದೇ ಮಾಲಿಯ ಬಳಿಗೆ ವಾಪಸು ನಡೆದು ಹೆಸರು ಕೇಳಿದೆ.

"ಬರೀಬೇಡಿ ಮಾರಾಯ್ರೆ" ಎಂದರು. "ಮಾತಾಡಿದ್ದು ಆಫೀಸಿಗೆ ಗೊತ್ತಾದ್ರೆ ಬೇರೆ ಸೈಟಿಗೆ ಹಾಕ್ತಾರೆ. ಈ ಗಿಡ ಎಲ್ಲ ನಾನೇ ನೆಟ್ಟದ್ದು."