ಹಡಗು ಹತ್ತಿದ ರೊಟ್ಟಿ

ನೆರೆ ಬಂದ ಊರಿಗೆ ಖಡಕ್ ರೊಟ್ಟಿ ಕಳಿಸುವುದು ನಮ್ಮ ಕಡೆಯ ವಾಡಿಕೆ. ಚಂಡಮಾರುತಕ್ಕೆ ಸಿಕ್ಕ ದ್ವೀಪವೊಂದರ ಸುದ್ದಿ ಬಂದಾಗಲೂ ಬೆಟಗೇರಿಯ ನಮ್ಮ ಓಣಿಯ ಹೆಂಗಸರು ಯಾರೂ ಹೇಳದೆಯೇ ಒಲೆ ಹಚ್ಚಿದರು. ಹತ್ತಿರದ ಹರ್ತಿ ಹಳ್ಳಿಯಿಂದಲೂ ಬುಟ್ಟಿಗಟ್ಟಲೆ ರೊಟ್ಟಿ ಬಂತು. ಕಟ್ಟಿ ಕಳಿಸುವ ಯಜಮಾನಿಕೆ ನನ್ನದು. ನಾನು ನಿವೃತ್ತ ಮಾಸ್ತರ. ಇಂಥದ್ದಕ್ಕೆಲ್ಲ ಮುಂದೆ ನಿಲ್ಲುವ ಚಟ ಮೊದಲಿನಿಂದಲೂ ಇದೆ.

ಓಣಿಯ ಕೊನೆಯ ಮನೆಯ ಚಾಚಾ ಬಂದು ನಾನು ರೊಟ್ಟಿ ತುಂಬಿಸಿದ್ದ ಗೋಣಿಚೀಲಗಳನ್ನು ಮುಟ್ಟಿ ನೋಡಿದರು. ಅವರು ಪ್ರಾಯದಲ್ಲಿ ಮಂಗಳೂರು ಬಂದರಿನಲ್ಲಿ ಹಮಾಲಿ ಮಾಡಿದವರು.

"ಮಾಸ್ತರ್ರ, ಇದು ಲಾರಿ ಅಲ್ರಿ, ಹಡಗ. ಅದರೊಳಗ ಕಬ್ಬಣನೂ ಬೆವರತೈತಿ. ತಗಡಿನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡ್ರಿ."

"ಡಬ್ಯಾಗ ಹಾಕಿದ್ರ ಮೆತ್ತಗಾಗತಾವ. ರೊಟ್ಟಿಗೆ ಗಾಳಿ ಆಡಬೇಕು. ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಂಗಾತು ನಿಮ್ಮ ಮಾತು!" ಎಂದೆ.

ಹೆಂಗಸರೆಲ್ಲ ನಕ್ಕರು. ಚಾಚಾ ನಾನು ಕಟ್ಟಿದ ಚೀಲಗಳನ್ನೇ ಬಂದರಿಗೆ ಹೋಗುವ ಲಾರಿಗೆ ಏರಿಸಿಕೊಟ್ಟರು.

ಕಡಲು ಶಾಂತವಾಗುವ ತನಕ ಹಡಗು ಬಿಡಲಿಲ್ಲ. ರೊಟ್ಟಿ ಅದರ ಹೊಟ್ಟೆಯಲ್ಲಿ ಎಂಟು ದಿನ ಕೂತಿತು. ಕೊನೆಗೆ ದ್ವೀಪದಲ್ಲಿ ಸಾಮಾನು ಇಳಿಸಿಕೊಂಡವರು ನನ್ನ ಮೊಬೈಲಿಗೆ ಒಂದು ಫೋಟೋ ಕಳಿಸಿದರು. ಹಸಿರು ಬೂಷ್ಟು ಹಿಡಿದ ರೊಟ್ಟಿಯನ್ನು ಇಬ್ಬರು ಗುಂಡಿಗೆ ಸುರಿಯುತ್ತಿದ್ದರು. ಅಕ್ಕಿ, ಕುಡಿಯುವ ನೀರು ಇಳಿಸಬೇಕಾದ ಹೊತ್ತಿನಲ್ಲಿ ನಮ್ಮ ಕೊಳೆತ ರೊಟ್ಟಿ ಹೊತ್ತು ಎಸೆಯುವುದೇ ಅವರಿಗೊಂದು ಕೆಲಸವಾಗಿತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಆದರೂ ಮೊದಲು ಮಾಡಿದ ಕೆಲಸವೆಂದರೆ ಆ ಫೋಟೋ ಅಳಿಸಿದ್ದು.

ಸಂಜೆ ಎದುರುಮನೆಯ ಮುದುಕಿ ಕಟ್ಟೆಗೆ ಬಂದು ಕೂತಳು. ಎಲ್ಲರಿಗಿಂತ ಹೆಚ್ಚು ರೊಟ್ಟಿ ಬಡಿದವಳು ಅವಳೇ.

"ತಿಂದ್ರೇನ್ರಿ ಮಾಸ್ತರ್ರ, ಅಲ್ಲಿ ಸಣ್ಣ ಹುಡುಗ್ರು?"

"ತಿಂದ್ರ ಬೇ. ಭಾಳ ರುಚಿ ಅದಾವ ಅಂದ್ರಂತ."

ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಮೂವತ್ತು ವರ್ಷ ಪಾಠ ಮಾಡಿದ ಬಾಯಿ ಇದು. ಒಂದಿಷ್ಟೂ ತಡವರಿಸಲಿಲ್ಲ.

ಪಕ್ಕದಲ್ಲೇ ಚಾಚಾ ನಿಂತಿದ್ದರು. ಅವರ ಹಳೆಯ ಜೊತೆಗಾರರು ಬಂದರಿನಲ್ಲಿ ಇನ್ನೂ ಇದ್ದಾರೆ. ರೊಟ್ಟಿ ಕೊಳೆತ ಸುದ್ದಿ ಚಾಚಾಗೂ ಮುಟ್ಟಿದೆ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಮುದುಕಿ ಅವರತ್ತ ತಿರುಗಿ "ಖರೆ ಏನಪಾ?" ಎಂದಳು. ನನ್ನ ಮಾನ ಆಗ ಅವರ ಒಂದು ಮಾತಿನಲ್ಲಿತ್ತು.

"ಖರೆ ಐತಿ ಬೇ. ನನಗೂ ಖಬರ ಬಂದೈತಿ" ಎಂದರು ಚಾಚಾ.

ಮುದುಕಿ ಖುಷಿಯಿಂದ ಎದ್ದು ಹೋದಳು. ನಾನು ಚಾಚಾನ ಕೈ ಹಿಡಿದುಕೊಂಡೆ. "ನನ್ನ ಮಾನ ಉಳಿಸಿದ್ರಿ" ಎಂದೆ.

ಅವರು ಮೆಲ್ಲಗೆ ಕೈ ಬಿಡಿಸಿಕೊಂಡರು.

"ನಿಮ್ಮ ಸಲುವಾಗಿ ಅಲ್ರಿ ಮಾಸ್ತರ್ರ, ಆಕಿ ಸಲುವಾಗಿ" ಎಂದು ಹೇಳಿ, ನನ್ನ ಮುಖ ನೋಡದೆ ಮನೆಗೆ ಹೋದರು.