ಫ್ಲಾಸ್ಕಿನಲ್ಲಿ ಮಜ್ಜಿಗೆ

ಔರಾದ ಶಹಾಜನಿಯಲ್ಲಿ ನಮ್ಮ ನೆರೆಯವರಾಗಿದ್ದ ಆ ವಿಜ್ಞಾನಿಯ ಮುಖ ನೆನಪಿದೆ ಎಂದರೆ, ಅರ್ಧ ನಾನೇ ಕಟ್ಟಿದ್ದಾಗುತ್ತದೆ. ಕೈಗಳ ಬಗ್ಗೆ ಮಾತ್ರ ಖಾತ್ರಿಯಿದೆ. ಯಾವ ಪಾತ್ರೆಯನ್ನಾದರೂ ನಿದ್ದೆಯ ಕೂಸಿನಂತೆ ಎರಡೂ ಕೈಗಳಲ್ಲಿ ಎತ್ತುತ್ತಿದ್ದರು. ಧ್ರುವದ ಹಿಮದಡಿಯ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ ಎನ್ನುತ್ತಿದ್ದರು.

"ಆ ಥಂಡಿಗಿ ಸತ್ತಿರ್ತಾವಲ್ರೀ?" ಎಂದು ಯಾರು ಕೇಳಿದರೂ ಒಂದೇ ಉತ್ತರ: "ಸತ್ತಿಲ್ರೀ, ಮಲಗ್ಯಾವ."

ನಿಜಾಮರ ಆಳ್ವಿಕೆ ಮುಗಿದು ಕೆಲವು ವರ್ಷಗಳಾಗಿದ್ದವು. ಒಮ್ಮೆ ಅವರು ವಿದೇಶದಿಂದ ಆ ಮಣ್ಣನ್ನೇ ಹಿಮದ ಸಮೇತ ಫ್ಲಾಸ್ಕಿನಲ್ಲಿ ತಂದರು. ಹೈದರಾಬಾದಿನ ಪ್ರಯೋಗಾಲಯದಲ್ಲಿ ಅವರ ಮುಂದಿನ ಕೆಲಸವೆಲ್ಲ ಅದರ ಮೇಲೆ ನಿಂತಿತ್ತು. ಫ್ಲಾಸ್ಕನ್ನು ನಮ್ಮ ನೀರಿನ ಗಡಿಗೆಗಳ ಪಕ್ಕದ ತಂಪಿನಲ್ಲಿಟ್ಟು, ಒಳಗಿನ ಹಿಮ ಕರಗಿದ್ದರಿಂದ ಹೊಸ ಮಂಜುಗಡ್ಡೆ ತರಲು ಉದಗೀರಿಗೆ ಹೋದರು.

ಅವ್ವ ಮುಚ್ಚಳ ತೆಗೆದು ಇಣುಕಿದಳು. "ಇಷ್ಟ್ ಓದಿದಂವಾ ರಾಡಿ ನೀರ್ ಕುಡಿತಾನಲ್ಲ, ಹುಚ್ಚಪ್ಪ!"

ಬೇರೆಯವರ ಪಾತ್ರೆಯನ್ನು ಬರಿದಾಗಿ ಮರಳಿಸುವುದು ನಮ್ಮ ಮನೆಯ ಪದ್ಧತಿಯಲ್ಲ. ಅವಳು ಅದನ್ನು ಬೂದಿ ಹಾಕಿ ತೊಳೆದು, ಮಜ್ಜಿಗೆ ತುಂಬಿಟ್ಟಳು.

ಸಂಜೆ ಅವರು ಕಂಬಳಿಯಲ್ಲಿ ಸುತ್ತಿದ ಮಂಜುಗಡ್ಡೆ ಹೊತ್ತು ಬಂದು, ಮುಚ್ಚಳ ತೆಗೆದು, ಹಾಗೇ ನಿಂತರು.

"ಕುಡಿಯೋ ತಮ್ಮಾ, ಈಗೇ ಕಡದೀನಿ. ಒಳಗಿನ ರಾಡಿ ಚೆಲ್ಲೀನಿ."

ಅವರು ಕುಡಿದರು. ಅಥವಾ ಇಷ್ಟು ವರ್ಷ ನನ್ನ ನೆನಪೇ ಅವರಿಗೆ ಕುಡಿಸುತ್ತಿದೆಯೋ ಏನೋ.

"ಛಲೋ ಆಗ್ಯದ ಅಕ್ಕಾ. ಎಲ್ಲಿ ಚೆಲ್ಲಿದಿ?"

"ಬೇವಿನ ಬುಡಕ್ಕ."

ಮತ್ತೆ ಆ ಹಿಮದ ಕಡೆ ಹೋಗುವ ಅವಕಾಶ ಅವರಿಗೆ ಸಿಗಲಿಲ್ಲ. ಏನು ಕಳೆಯಿತೆಂದು ಅವ್ವನಿಗೆ ಅವರು ಎಂದೂ ಹೇಳಲಿಲ್ಲ. ಅಂದು ಸಂಜೆ ಮಾತ್ರ ಕಂಬಳಿ ಬಿಚ್ಚಿ, ಮಂಜುಗಡ್ಡೆಯನ್ನು ಎರಡೂ ಕೈಗಳಲ್ಲಿ ಎತ್ತಿ, ಬೇವಿನ ಬುಡದ ಆ ಒದ್ದೆ ಮಣ್ಣಿನ ಮೇಲಿಟ್ಟರು. ಅದು ಕರಗುವವರೆಗೂ ಪಕ್ಕದಲ್ಲಿ ಕುಳಿತಿದ್ದರು.